ಮುಚ್ಚಿಟ್ಟ ಲ್ಯಾಪ್‌ಟಾಪ್ ಕೆಲವು ದಿನ ಮಾತ್ರ ನಿದ್ದೆಗೆ ಹೋಗುತ್ತಿದೆ: ಡೆಬಿಯನ್ 12, ತಿಪಟೂರು

ಮಂಡಿ_ಲೆಕ್ಕ

ನಮಸ್ಕಾರ. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಅಂಗಡಿಯಲ್ಲಿ ಬಳಸದೆ ಬಿದ್ದಿದ್ದ ಹಳೆಯ ಲ್ಯಾಪ್‌ಟಾಪಿಗೆ ಗ್ನೋಮ್ ಡೆಸ್ಕ್‌ಟಾಪ್ ಸಮೇತ ಡೆಬಿಯನ್ 12 ಲಿನಕ್ಸ್ ಹಾಕಿ, ಫೈಲು ಹಂಚುವ ಸಾಂಬಾ ಕೂರಿಸಿ, ಮೇಜಿನ ಕೆಳಗಿನ ಗೂಡಿನಲ್ಲಿ ಮುಚ್ಚಿ ಇಟ್ಟಿದ್ದೇನೆ. ಉಳಿದ ಎರಡು ಕಂಪ್ಯೂಟರುಗಳು ಲೆಡ್ಜರ್ ಫೈಲುಗಳನ್ನು ಅಲ್ಲಿಂದಲೇ ತೆರೆಯುತ್ತವೆ. ಆ ಎರಡಕ್ಕೂ ರೂಟರಿಗೂ ಇನ್ವರ್ಟರ್ ಇದೆ. ಗೂಡಿನ ಹತ್ತಿರದ ಸಾಕೆಟ್ಟಿಗೆ ಮಾತ್ರ ಇನ್ವರ್ಟರ್ ಲೈನ್ ಇಲ್ಲ. ಲ್ಯಾಪ್‌ಟಾಪಿಗೆ ಬ್ಯಾಟರಿಯೇ ಇರುವಾಗ ಅದರ ಚಿಂತೆ ಏಕೆ ಎಂದು ಬಿಟ್ಟಿದ್ದೆವು.

ಮೊದಮೊದಲು ಮುಚ್ಚಳ ಮುಚ್ಚಿದ ಕೂಡಲೇ ಮಲಗುತ್ತಿತ್ತು. ಲಾಗಿನ್‌ಡಿ.ಕಾನ್ಫ್ ಫೈಲಿನಲ್ಲಿ ‘ಹ್ಯಾಂಡಲ್‌ಲಿಡ್‌ಸ್ವಿಚ್‌ಎಕ್ಸ್‌ಟರ್ನಲ್‌ಪವರ್=ಇಗ್ನೋರ್’ (ಚಾರ್ಜರ್ ಇದ್ದಾಗ ಮುಚ್ಚಳವನ್ನು ಕಡೆಗಣಿಸು) ಎಂದು ಬರೆದ ಮೇಲೆ ಅದು ನಿಂತಿತು. ಈಗ ಬೇರೆ ಕಾಟ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಚೆನ್ನಾಗಿ ಓಡುತ್ತದೆ, ಕೆಲವು ದಿನ ನಡುಮಧ್ಯಾಹ್ನ ಇದ್ದಕ್ಕಿದ್ದಂತೆ ಸುಮ್ಮನಾಗುತ್ತದೆ. ಮೇಜಿನ ಕೆಳಗೆ ಬಗ್ಗಿ ಮುಚ್ಚಳ ತೆರೆದರೆ ಏನೂ ಆಗಿಲ್ಲವೆಂಬಂತೆ ಎದ್ದು ಕೂರುತ್ತದೆ. ಹರಾಜಿನ ದಿನ ರೈತರು ಬಿಲ್ಲಿಗಾಗಿ ಎದುರಿಗೆ ನಿಂತಿರುವಾಗ ಹೀಗೆ ಬಗ್ಗಿ ಎಬ್ಬಿಸುವುದು ನಗೆಪಾಟಲಾಗಿದೆ. ಮುಚ್ಚಳವನ್ನಂತೂ ಯಾರೂ ಮುಟ್ಟುವುದಿಲ್ಲ. ಎಲ್ಲಿಂದ ಹುಡುಕಲಿ?

ಅಮಾನಿಕೆರೆ

ಸರ್ವರ್ ಆಗಿ ಬಳಸುತ್ತಿದ್ದೀರಿ ಎಂದರೆ ಅದು ಮಲಗುವ ಅಗತ್ಯವೇ ಇಲ್ಲ. ‘ಸುಡೊ ಸಿಸ್ಟಮ್‌ಸಿಟಿಎಲ್ ಮಾಸ್ಕ್ ಸ್ಲೀಪ್.ಟಾರ್ಗೆಟ್ ಸಸ್ಪೆಂಡ್.ಟಾರ್ಗೆಟ್ ಹೈಬರ್ನೇಟ್.ಟಾರ್ಗೆಟ್ ಹೈಬ್ರಿಡ್-ಸ್ಲೀಪ್.ಟಾರ್ಗೆಟ್’ ಎಂದು ಕೊಡಿ. ಮಲಗುವ ದಾರಿಗಳೆಲ್ಲ ಬಂದ್, ಮುಗಿಯಿತು.

ಕ್ಯಾತ್ಸಂದ್ರ_ಗೇಟ್

ಮುಗಿಯುವುದಿಲ್ಲ, ಮುಚ್ಚಿಹೋಗುತ್ತದೆ ಅಷ್ಟೇ. ಯಾರು ಮಲಗಿಸುತ್ತಿದ್ದಾರೆ ಎಂಬುದು ತಿಳಿಯದೆ ಮಾಸ್ಕ್ ಮಾಡಿದರೆ ಮಲಗಿಸು ಎಂಬ ಕೋರಿಕೆ ಬರುವುದು ನಿಲ್ಲುವುದಿಲ್ಲ, ನೆರವೇರುವುದು ಮಾತ್ರ ನಿಲ್ಲುತ್ತದೆ. ಆಮೇಲೆ ಲಾಗ್ ತುಂಬ ವಿಫಲವಾದ ಪ್ರಯತ್ನಗಳ ಸಾಲು. ಮೊದಲು ಕಾರಣ ಹಿಡಿಯೋಣ.

ಮಂಡಿಯವರೇ, ಒಂದು ಮನೆಗೆ ಮೂವರು ಯಜಮಾನರಿದ್ದಂತೆ ಈ ಮುಚ್ಚಳದ ವಿಷಯ. ಮುಚ್ಚಳ ಮುಚ್ಚಿತೋ ತೆರೆಯಿತೋ ಎಂದು ಹೇಳುವುದು ಲಿನಕ್ಸಿನ ತಿರುಳಾದ ಕರ್ನೆಲ್. ಅದಕ್ಕೆ ಸುದ್ದಿ ಬರುವುದು ಪರದೆಯ ಅಂಚಿನಲ್ಲಿರುವ ಪುಟ್ಟ ಅಯಸ್ಕಾಂತ ಮತ್ತು ಕೀಲಿಮಣೆಯ ಬದಿಯಲ್ಲಿ ಆ ಅಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರಿನಿಂದ. ಸುದ್ದಿ ಬಂದ ಮೇಲೆ ಏನು ಮಾಡಬೇಕೆಂದು ತೀರ್ಮಾನಿಸುವುದು ಹಿನ್ನೆಲೆಯ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಲಾಗಿನ್‌ಡಿ. ಮೂರನೆಯದು ಡೆಸ್ಕ್‌ಟಾಪ್. ಕೆಡಿಇ ಮತ್ತು ಎಕ್ಸ್‌ಎಫ್‌ಸಿಇಗಳಲ್ಲಿ ಡೆಸ್ಕ್‌ಟಾಪಿನ ಪವರ್ ಮ್ಯಾನೇಜರ್ ‘ಮುಚ್ಚಳದ ವಿಚಾರ ನಾನು ನೋಡಿಕೊಳ್ಳುತ್ತೇನೆ’ ಎಂದು ಲಾಗಿನ್‌ಡಿಯನ್ನು ತಡೆಹಿಡಿಯುತ್ತದೆ. ಆಗ ಲಾಗಿನ್‌ಡಿ.ಕಾನ್ಫ್‌ನಲ್ಲಿ ಏನು ಬರೆದರೂ ಗೋಡೆಗೆ ಹೇಳಿದ ಹಾಗೆ. ಗ್ನೋಮ್ ಮಾತ್ರ ಹೊರಗಿನ ಪರದೆ ಜೋಡಿಸಿದ ಸಂದರ್ಭ ಬಿಟ್ಟರೆ ಇದನ್ನು ಬಹುಪಾಲು ಲಾಗಿನ್‌ಡಿಗೇ ಬಿಡುತ್ತದೆ. ನಿಮ್ಮಲ್ಲಿ ಯಾರ ಕಾರುಬಾರು ನಡೆಯುತ್ತಿದೆ ಎಂಬುದನ್ನು ‘ಸಿಸ್ಟಮ್‌ಡಿ-ಇನ್‌ಹಿಬಿಟ್ --ಲಿಸ್ಟ್’ ತೋರಿಸುತ್ತದೆ. ಆ ಪಟ್ಟಿಯಲ್ಲಿ ‘ಹ್ಯಾಂಡಲ್-ಲಿಡ್-ಸ್ವಿಚ್’ ಎಂಬ ಪದದ ಎದುರು ಯಾರ ಹೆಸರಿದೆ ನೋಡಿ.

ನಂತರ ಲಾಗ್. ಮಲಗಿ ಎದ್ದ ಮೇಲೆ ‘ಜರ್ನಲ್‌ಸಿಟಿಎಲ್ -ಬಿ -ಯು ಸಿಸ್ಟಮ್‌ಡಿ-ಲಾಗಿನ್‌ಡಿ’ ಕೊಟ್ಟು ಆ ಹೊತ್ತಿನ ಸಾಲುಗಳನ್ನು ಇಲ್ಲಿ ಹಾಕಿ. ‘ಲಿಡ್ ಕ್ಲೋಸ್ಡ್’ ಎಂದು ಬಂದು ಹಿಂದೆಯೇ ‘ಸಸ್ಪೆಂಡಿಂಗ್’ ಬಂದಿದೆಯೋ, ಅಥವಾ ಮುಚ್ಚಳದ ಮಾತೇ ಇಲ್ಲದೆ ಮಲಗಿದೆಯೋ ಎಂಬುದು ಮುಖ್ಯ. ಅವೆರಡೂ ಬೇರೆ ಬೇರೆ ರೋಗ.

ಗುಬ್ಬಿ_ಪ್ಯಾಸೆಂಜರ್

ಇದೇ ವಿಷಯವಾದ್ದರಿಂದ ಇಲ್ಲೇ ಕೇಳುತ್ತೇನೆ. ನನ್ನದು ತದ್ವಿರುದ್ಧ. ಮುಚ್ಚಿದರೆ ಮಲಗಬೇಕು, ಮಲಗಿದ ಹಾಗೆ ನಟಿಸುತ್ತದೆ. ಗುಬ್ಬಿಯಲ್ಲಿ ರೈಲು ಹತ್ತುವ ಮೊದಲು ಮುಚ್ಚಿ ಬ್ಯಾಗಿಗೆ ಹಾಕಿದರೆ ಯಶವಂತಪುರದಲ್ಲಿ ತೆಗೆಯುವಾಗ ಇಸ್ತ್ರಿಪೆಟ್ಟಿಗೆಯಷ್ಟು ಬಿಸಿ. ಬ್ಯಾಟರಿ ಅರ್ಧಕ್ಕಿಂತ ಕೆಳಗೆ. ಉಬುಂಟು 24.04, ಈಚೆಗೆ ಕೊಂಡ ಲ್ಯಾಪ್‌ಟಾಪ್.

ಕ್ಯಾತ್ಸಂದ್ರ_ಗೇಟ್

ಗುಬ್ಬಿಯವರೇ, ಒಂದು ನಿಮಿಷ ತಡೆಯಿರಿ, ಮಂಡಿಯವರ ಲಾಗ್ ಬರಲಿ. ಅಷ್ಟರಲ್ಲಿ ‘ಕ್ಯಾಟ್ /ಸಿಸ್/ಪವರ್/ಮೆಮ್_ಸ್ಲೀಪ್’ ಕೊಟ್ಟು ಏನು ಬರುತ್ತದೆ ಹೇಳಿ.

ಮಂಡಿ_ಲೆಕ್ಕ

ಇನ್‌ಹಿಬಿಟ್ ಪಟ್ಟಿಯಲ್ಲಿ ಹ್ಯಾಂಡಲ್-ಲಿಡ್-ಸ್ವಿಚ್ ಎಂಬುದು ಕಾಣಲಿಲ್ಲ. ಲಾಗ್ ಹೀಗಿದೆ, ಹೋಸ್ಟ್ ಹೆಸರು ತೆಗೆದು ಹಾಕುತ್ತಿದ್ದೇನೆ:

09:12:40 ಲಿಡ್ ಕ್ಲೋಸ್ಡ್.
14:37:05 ಸಸ್ಪೆಂಡಿಂಗ್...
15:02:51 ಲಿಡ್ ಓಪನ್ಡ್.

ಬೆಳಿಗ್ಗೆ 9.12ಕ್ಕೆ ನಾನೇ ಮುಚ್ಚಿದ್ದು. ಕರ್ನೆಲ್ ಲಾಗಿನಲ್ಲಿ 14.37ಕ್ಕೆ ‘ಪಿಎಂ: ಸಸ್ಪೆಂಡ್ ಎಂಟ್ರಿ’, ಪಕ್ಕದಲ್ಲಿ ‘ಡೀಪ್’ ಎಂದಿದೆ. ಮುಚ್ಚಿದ ಐದೂವರೆ ಗಂಟೆಯ ಮೇಲೆ ಅದಕ್ಕೆ ಮುಚ್ಚಳದ ನೆನಪಾಯಿತೇ?

ಅಮಾನಿಕೆರೆ

ಎರಡೂವರೆಯ ಸುಮಾರಿಗೆ ಅಂಗಡಿಯಲ್ಲಿ ಏನು ನಡೆಯುತ್ತದೆ? ಮಧ್ಯಾಹ್ನ ಆ ಭಾಗದಲ್ಲಿ ಕರೆಂಟ್ ತೆಗೆಯುತ್ತಾರಲ್ಲವೇ?

ಮಂಡಿ_ಲೆಕ್ಕ

ತೆಗೆಯುತ್ತಾರೆ. ಪ್ರತಿದಿನ ಅಲ್ಲ. ಇನ್ವರ್ಟರ್ ಇರುವುದರಿಂದ ಫ್ಯಾನ್ ನಿಂತಾಗ ಮಾತ್ರ ಗೊತ್ತಾಗುತ್ತದೆ.

ಕ್ಯಾತ್ಸಂದ್ರ_ಗೇಟ್

ಸಿಕ್ಕಿತು. ಅಮಾನಿಕೆರೆಯವರ ಮೊದಲ ಉತ್ತರಕ್ಕಿಂತ ಎರಡನೆಯ ಪ್ರಶ್ನೆ ಬಹಳ ಬೆಲೆಯುಳ್ಳದ್ದು.

ಲಾಗಿನ್‌ಡಿಗೆ ಮುಚ್ಚಳದ ಬಗ್ಗೆ ಮೂರು ಪ್ರತ್ಯೇಕ ಆಜ್ಞೆಗಳಿವೆ. ಡಾಕ್‌ಗೆ (ಪರದೆ, ಕೀಲಿಮಣೆ ಜೋಡಿಸುವ ಪೀಠಕ್ಕೆ) ಕೂರಿಸಿದ್ದರೆ ಅಥವಾ ಒಂದಕ್ಕಿಂತ ಹೆಚ್ಚು ಪರದೆ ಜೋಡಿಸಿದ್ದರೆ ‘ಹ್ಯಾಂಡಲ್‌ಲಿಡ್‌ಸ್ವಿಚ್‌ಡಾಕ್ಡ್’ ಅನ್ವಯಿಸುತ್ತದೆ. ಅದರ ಮೂಲಬೆಲೆ ಇಗ್ನೋರ್. ಡಾಕ್ ಇಲ್ಲ, ಚಾರ್ಜರ್ ಇದೆ ಎಂದಾದರೆ ‘ಹ್ಯಾಂಡಲ್‌ಲಿಡ್‌ಸ್ವಿಚ್‌ಎಕ್ಸ್‌ಟರ್ನಲ್‌ಪವರ್’. ಅದನ್ನು ಬರೆಯದಿದ್ದರೆ ಲೆಕ್ಕಕ್ಕೇ ಬರುವುದಿಲ್ಲ. ಉಳಿದ ಎಲ್ಲ ಸಂದರ್ಭಕ್ಕೂ ಬರಿಯ ‘ಹ್ಯಾಂಡಲ್‌ಲಿಡ್‌ಸ್ವಿಚ್’, ಮೂಲಬೆಲೆ ಸಸ್ಪೆಂಡ್. ನೀವು ನಡುವಿನದನ್ನು ಮಾತ್ರ ಬದಲಿಸಿದ್ದೀರಿ. ಕರೆಂಟ್ ಇರುವವರೆಗೆ ಅದು ಕಾಪಾಡುತ್ತದೆ. ಹೋದ ಕೂಡಲೇ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಿಲ್ಲುತ್ತದೆ, ಕಡೆಯ ಆಜ್ಞೆ ಜಾರಿಗೆ ಬರುತ್ತದೆ.

ಮುಚ್ಚಿದ್ದು ಬೆಳಿಗ್ಗೆಯಲ್ಲವೇ ಎಂದು ಕೇಳುತ್ತೀರಿ. ಲಾಗಿನ್‌ಡಿ ಮುಚ್ಚಿದ ಕ್ಷಣದಲ್ಲಿ ಒಮ್ಮೆ ನೋಡಿ ಸುಮ್ಮನಾಗುವುದಿಲ್ಲ. ಮುಚ್ಚಳ ಮುಚ್ಚಿಯೇ ಇರುವಷ್ಟು ಹೊತ್ತೂ, ಬೇರಾವುದೋ ಕೆಲಸಕ್ಕೆ ಎಚ್ಚರವಾದಾಗಲೆಲ್ಲ, ಈಗಿನ ಪರಿಸ್ಥಿತಿಗೆ ಯಾವ ಆಜ್ಞೆ ಹೊಂದುತ್ತದೆ ಎಂದು ಮತ್ತೆ ಪರಿಶೀಲಿಸುತ್ತದೆ. ಮುಚ್ಚಿದ ಲ್ಯಾಪ್‌ಟಾಪಿನಿಂದ ಎಚ್‌ಡಿಎಂಐ ತಂತಿ ಕಿತ್ತರೆ ಮಲಗಿಬಿಡುವುದೂ ಇದೇ ಕಾರಣಕ್ಕೆ. ಕರೆಂಟ್ ಮರಳಿ ಬಂದ ಮಾತ್ರಕ್ಕೆ ಎದ್ದೇಳುವುದಿಲ್ಲ, ಏಕೆಂದರೆ ಎಬ್ಬಿಸುವವರು ಯಾರೂ ಇಲ್ಲ.

ಹಾಗಾಗಿ ನಿಮಗೆ ಬ್ಯಾಟರಿ ಯಾವ ಗಳಿಗೆಯಲ್ಲಿ ಬೇಕೋ ಸರಿಯಾಗಿ ಆ ಗಳಿಗೆಯಲ್ಲಿ ಅದು ಮಲಗುತ್ತಿತ್ತು.

ಮೂಲ ಫೈಲನ್ನು ಕೆದಕಬೇಡಿ. /ಇಟಿಸಿ/ಸಿಸ್ಟಮ್‌ಡಿ/ಲಾಗಿನ್‌ಡಿ.ಕಾನ್ಫ್.ಡಿ ಎಂಬ ಫೋಲ್ಡರ್ ಮಾಡಿ, ಒಳಗೆ ‘ಮುಚ್ಚಳ.ಕಾನ್ಫ್’ ಎಂದೋ ಏನೋ ಒಂದು ಫೈಲಿಡಿ. ಹೆಸರಿನ ಕೊನೆ ‘.ಕಾನ್ಫ್’ ಆಗಿದ್ದರೆ ಸಾಕು. ಮೊದಲ ಸಾಲು ಚೌಕ ಆವರಣದೊಳಗೆ ‘ಲಾಗಿನ್’. ಅದಿಲ್ಲದಿದ್ದರೆ ಕೆಳಗಿನ ಸಾಲುಗಳನ್ನು ಅದು ಗಣಿಸುವುದೇ ಇಲ್ಲ. ಆಮೇಲೆ:

ಹ್ಯಾಂಡಲ್‌ಲಿಡ್‌ಸ್ವಿಚ್=ಇಗ್ನೋರ್
ಹ್ಯಾಂಡಲ್‌ಲಿಡ್‌ಸ್ವಿಚ್‌ಎಕ್ಸ್‌ಟರ್ನಲ್‌ಪವರ್=ಇಗ್ನೋರ್
ಹ್ಯಾಂಡಲ್‌ಲಿಡ್‌ಸ್ವಿಚ್‌ಡಾಕ್ಡ್=ಇಗ್ನೋರ್

ಸಾಲಿನ ಮುಂದೆ ಹ್ಯಾಶ್ ಗುರುತು ಇರಬಾರದು.

ಇನ್ನು ಜಾರಿಗೆ ತರುವುದು. ಅನೇಕರು ‘ಸಿಸ್ಟಮ್‌ಸಿಟಿಎಲ್ ರಿಸ್ಟಾರ್ಟ್ ಸಿಸ್ಟಮ್‌ಡಿ-ಲಾಗಿನ್‌ಡಿ’ ಎಂದು ಹೇಳಿಕೊಡುತ್ತಾರೆ. ಡೆಸ್ಕ್‌ಟಾಪಿನಲ್ಲಿ ಲಾಗಿನ್ ಆಗಿರುವಾಗ ಹಾಗೆ ಮಾಡಿದರೆ ತೆರೆದಿದ್ದ ಕಿಟಕಿಗಳೆಲ್ಲ ಹೋಗಿ ಲಾಗಿನ್ ಪರದೆಗೆ ಎಸೆಯಲ್ಪಡುವ ಸಾಧ್ಯತೆ ಇದೆ. ಡೆಬಿಯನ್ 12ರಲ್ಲಿರುವುದು ಸಿಸ್ಟಮ್‌ಡಿ 252. ಅಲ್ಲಿ ‘ಸುಡೊ ಸಿಸ್ಟಮ್‌ಸಿಟಿಎಲ್ ಕಿಲ್ -ಎಸ್ ಎಚ್‌ಯುಪಿ ಸಿಸ್ಟಮ್‌ಡಿ-ಲಾಗಿನ್‌ಡಿ’ ಸಾಕು. ಹೆಸರು ಕೇಳಿ ಹೆದರಬೇಡಿ, ಅದು ಕೊಲ್ಲುವುದಿಲ್ಲ, ಸೆಟ್ಟಿಂಗ್ ಮರಳಿ ಓದು ಎಂದು ಹೇಳುತ್ತದೆ. ಅಂಗಡಿ ಮುಚ್ಚಿದ ಮೇಲೆ ಒಮ್ಮೆ ರೀಬೂಟ್ ಮಾಡಿದರೂ ಆಗುತ್ತದೆ.

ಪರೀಕ್ಷಿಸುವಾಗ ಒಂದು ಎಚ್ಚರಿಕೆ. ಬೂಟ್ ಆದ ಅಥವಾ ನಿದ್ದೆಯಿಂದ ಎದ್ದ ಮೊದಲ 30 ಸೆಕೆಂಡು ಲಾಗಿನ್‌ಡಿ ಮುಚ್ಚಳಕ್ಕೆ ಪ್ರತಿಕ್ರಿಯಿಸುವುದಿಲ್ಲ. ಡಾಕ್, ಪರದೆಗಳೆಲ್ಲ ಪತ್ತೆಯಾಗಲಿ ಎಂದು ಬೇಕೆಂದೇ ಇಟ್ಟಿರುವ ಬಿಡುವು ಅದು. ಆ ಅವಧಿಯಲ್ಲಿ ಮುಚ್ಚಿ ‘ಸರಿಹೋಯಿತು’ ಎಂದು ಮನೆಗೆ ಹೋದವರನ್ನು ಬೇಕಾದಷ್ಟು ನೋಡಿದ್ದೇನೆ. ಒಂದೆರಡು ನಿಮಿಷ ಬಿಟ್ಟು ಮುಚ್ಚಿ, ಇನ್ನೊಂದು ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ ಮೂಲಕ ಅದರೊಳಗೆ ಲಾಗಿನ್ ಆಗಿ, ಆಮೇಲೆ ಚಾರ್ಜರ್ ಕಿತ್ತು ನೋಡಿ.

ಮಂಡಿ_ಲೆಕ್ಕ

ಬಹಳ ಉಪಕಾರವಾಯಿತು. ಸಂಜೆ ಹರಾಜಿನ ಲೆಕ್ಕ ಮುಗಿದ ಮೇಲೆ ಮಾಡಿ ತಿಳಿಸುತ್ತೇನೆ.

ಗುಬ್ಬಿ_ಪ್ಯಾಸೆಂಜರ್

ನನ್ನ ಉತ್ತರ: ಚೌಕ ಆವರಣದಲ್ಲಿ ಎಸ್2ಐಡಲ್, ಅಷ್ಟೇ. ಬೇರೇನೂ ಇಲ್ಲ. ಮಂಡಿಯವರ ಲಾಗಿನಲ್ಲಿರುವ ಡೀಪ್ ನನ್ನಲ್ಲಿ ಏಕಿಲ್ಲ?

ಕ್ಯಾತ್ಸಂದ್ರ_ಗೇಟ್

ನಿಮ್ಮ ಲ್ಯಾಪ್‌ಟಾಪಿನ ಫರ್ಮ್‌ವೇರ್ (ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ) ಅದನ್ನು ಕೊಡುತ್ತಿಲ್ಲ. ಡೀಪ್ ಎಂದರೆ ಹಳೆಯ ಎಸ್3 ನಿದ್ದೆ: ಮೆಮೊರಿಗೆ ಮಾತ್ರ ವಿದ್ಯುತ್ತು, ಉಳಿದದ್ದೆಲ್ಲ ಆರುತ್ತದೆ. ಎಸ್2ಐಡಲ್‌ನಲ್ಲಿ ಯಂತ್ರ ಸಂಪೂರ್ಣ ಆರುವುದಿಲ್ಲ; ಪ್ರೊಸೆಸರ್ ಮತ್ತು ಉಳಿದ ಎಲ್ಲ ಭಾಗಗಳೂ ತಮ್ಮ ಅತಿ ಕಡಿಮೆ ವಿದ್ಯುತ್ ಬಳಕೆಯ ಸ್ಥಿತಿಗೆ ಇಳಿಯಬೇಕು. ಒಂದೇ ಒಂದು ಭಾಗ, ಎಸ್‌ಎಸ್‌ಡಿಯೋ ವೈಫೈ ಕಾರ್ಡೋ, ಇಳಿಯಲು ಒಪ್ಪದಿದ್ದರೆ ಪರದೆ ಕಪ್ಪಾಗಿದ್ದರೂ ಒಳಗೆ ಬಿಸಿ ಮುಂದುವರಿಯುತ್ತದೆ. ಹಲವಾರು ಹೊಸ ಲ್ಯಾಪ್‌ಟಾಪುಗಳಲ್ಲಿ ಎಸ್3 ಇಲ್ಲವೇ ಇಲ್ಲ. ಕೆಲವು ಥಿಂಕ್‌ಪ್ಯಾಡುಗಳ ಬಯಾಸ್‌ನಲ್ಲಿ ‘ಸ್ಲೀಪ್ ಸ್ಟೇಟ್’ ಎಂಬ ಆಯ್ಕೆ ಇರುತ್ತದೆ, ಅದನ್ನು ‘ಲಿನಕ್ಸ್’ ಎಂದು ಬದಲಿಸಿದರೆ ಡೀಪ್ ಕಾಣಿಸಿಕೊಳ್ಳುತ್ತದೆ. ನಿಮ್ಮದರಲ್ಲಿ ಅಂಥದ್ದೇನಾದರೂ ಇದೆಯೇ ಹುಡುಕಿ. ಪಟ್ಟಿಯಲ್ಲಿ ಎರಡೂ ಇದ್ದು ಎಸ್2ಐಡಲ್ ಆಯ್ಕೆಯಾಗಿದ್ದರೆ ಮಾತ್ರ ‘ಮೆಮ್_ಸ್ಲೀಪ್_ಡೀಫಾಲ್ಟ್=ಡೀಪ್’ ಎಂಬ ಕರ್ನೆಲ್ ನಿಯತಾಂಕ ಉಪಯೋಗಕ್ಕೆ ಬರುತ್ತದೆ. ಇಲ್ಲದ್ದನ್ನು ಅದು ಹುಟ್ಟಿಸುವುದಿಲ್ಲ.

ನಿಜವಾಗಿ ಮಲಗಿತ್ತೇ ಎಂದು ತಿಳಿಯಲು ಹೊಸ ಕರ್ನೆಲ್‌ಗಳಲ್ಲಿ ಒಂದು ಅನುಕೂಲವಿದೆ. ಎದ್ದ ಮೇಲೆ /ಸಿಸ್/ಪವರ್/ಸಸ್ಪೆಂಡ್_ಸ್ಟ್ಯಾಟ್ಸ್ ಒಳಗಿನ ‘ಲಾಸ್ಟ್_ಎಚ್‌ಡಬ್ಲ್ಯು_ಸ್ಲೀಪ್’ ಓದಿ. ಕಳೆದ ಬಾರಿ ಯಂತ್ರಾಂಶ ಆಳವಾದ ನಿದ್ದೆಯಲ್ಲಿದ್ದ ಸಮಯವನ್ನು ಅದು ಮೈಕ್ರೊಸೆಕೆಂಡಿನಲ್ಲಿ ಹೇಳುತ್ತದೆ. ಸೊನ್ನೆ ಬಂದರೆ ಗುಬ್ಬಿಯಿಂದ ಯಶವಂತಪುರದವರೆಗೆ ಅದು ಕಣ್ಣು ಮುಚ್ಚಿಯೇ ಇಲ್ಲ.

ಶಿರಾ_ಕಡಲೆಕಾಯಿ

ಗುಬ್ಬಿಯವರು ಇನ್ನೊಂದನ್ನೂ ನೋಡಬೇಕು: ಮಲಗಿದ್ದು ಬ್ಯಾಗಿನಲ್ಲಿ ಎದ್ದುಬಿಡುತ್ತಿರಬಹುದು. ಮೌಸಿನ ಯುಎಸ್‌ಬಿ ತುಣುಕನ್ನು ಲ್ಯಾಪ್‌ಟಾಪಿನಲ್ಲೇ ಬಿಟ್ಟು ಮೌಸನ್ನು ಅದೇ ಬ್ಯಾಗಿನ ಜೇಬಿಗೆ ಹಾಕುವ ಅಭ್ಯಾಸವಿದ್ದರೆ ರೈಲು ಕುಲುಕಿದಾಗಲೆಲ್ಲ ಮೌಸ್ ಎಬ್ಬಿಸುತ್ತದೆ. /ಪ್ರಾಕ್/ಎಸಿಪಿಐ/ವೇಕಪ್ ಫೈಲಿನಲ್ಲಿ ಯಾವ ಯಾವ ಭಾಗಕ್ಕೆ ಎಬ್ಬಿಸುವ ಅಧಿಕಾರ ಇದೆ ಎಂಬ ಪಟ್ಟಿ ಇದೆ. ಯುಎಸ್‌ಬಿ ನಿಯಂತ್ರಕ ಸಾಮಾನ್ಯವಾಗಿ ‘ಎಕ್ಸ್‌ಎಚ್‌ಸಿ’ ಎಂಬ ಹೆಸರಿನಲ್ಲಿರುತ್ತದೆ. ಆ ಹೆಸರನ್ನು ರೂಟ್ ಆಗಿ ಅದೇ ಫೈಲಿಗೆ ಬರೆದರೆ ಎನೇಬಲ್ಡ್ ಇದ್ದದ್ದು ಡಿಸೇಬಲ್ಡ್ ಆಗುತ್ತದೆ. ರೀಬೂಟ್ ಮಾಡಿದರೆ ಮತ್ತೆ ಮೊದಲಿನಂತೆ.

ಗುಬ್ಬಿ_ಪ್ಯಾಸೆಂಜರ್

ಮೌಸ್ ತುಣುಕು ಸದಾ ಅದರಲ್ಲೇ ಇರುತ್ತದೆ! ತೆಗೆದು ನೋಡುತ್ತೇನೆ. ಹೈಬರ್ನೇಟ್ (ಮೆಮೊರಿಯನ್ನು ಡಿಸ್ಕಿಗೆ ಬರೆದು ಪೂರ್ತಿ ಆರುವುದು) ಮಾಡಿದರೆ ಈ ತಲೆನೋವೇ ಇಲ್ಲವಲ್ಲ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಹೌದೇ?

ಕ್ಯಾತ್ಸಂದ್ರ_ಗೇಟ್

ತಲೆನೋವು ಬೇರೆ ಕಡೆ ಶುರುವಾಗುತ್ತದೆ. ಮೆಮೊರಿಯ ಸಂಗತಿಯನ್ನು ಇಡುವಷ್ಟು ಸ್ವಾಪ್ ಜಾಗ ಡಿಸ್ಕಿನಲ್ಲಿ ಬೇಕು, ಅದು ಎಲ್ಲಿದೆ ಎಂದು ಬೂಟ್ ಆಗುವಾಗ ತಿಳಿಯುವಂತಿರಬೇಕು. ಸಹಿ ಇರುವ ತಂತ್ರಾಂಶವನ್ನಷ್ಟೇ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಉಬುಂಟು, ಡೆಬಿಯನ್‌ಗಳ ಕರ್ನೆಲ್ ಹೈಬರ್ನೇಟ್‌ಗೆ ಬಿಡುವುದೇ ಇಲ್ಲ. ಇದೆಲ್ಲ ದಾಟಿದರೆ ‘ಹ್ಯಾಂಡಲ್‌ಲಿಡ್‌ಸ್ವಿಚ್=ಸಸ್ಪೆಂಡ್-ದೆನ್-ಹೈಬರ್ನೇಟ್’ ಚೆನ್ನಾದ ಏರ್ಪಾಡು: ಮೊದಲು ಸಸ್ಪೆಂಡ್, ಸ್ಲೀಪ್.ಕಾನ್ಫ್‌ನಲ್ಲಿ ‘ಹೈಬರ್ನೇಟ್‌ಡಿಲೇಸೆಕ್’ ಕೊಟ್ಟಷ್ಟು ಹೊತ್ತಾದ ಮೇಲೆ ಹೈಬರ್ನೇಟ್. ಆದರೆ ನಿಮ್ಮ ಪ್ರಯಾಣ ಎರಡು ಗಂಟೆಯ ಆಸುಪಾಸಿನದು. ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪನ್ನು ಗುಬ್ಬಿಯಲ್ಲಿ ಆರಿಸಿ ಕಚೇರಿಯಲ್ಲಿ ಹಚ್ಚಿ. ಅಷ್ಟಕ್ಕೆ ಇಷ್ಟು ಶ್ರಮ ಪಡುವುದು ನನಗಂತೂ ಒಪ್ಪಿಗೆಯಾಗದು.

ಗುಬ್ಬಿ_ಪ್ಯಾಸೆಂಜರ್

ರೈಲಿನಲ್ಲೂ ಕೆಲಸ ಮಾಡುತ್ತೇನೆ ಸ್ವಾಮಿ. ದಾಬಸ್‌ಪೇಟೆಯ ನಂತರ ಕೂರಲು ಜಾಗ ಸಿಕ್ಕಿದರೆ ತೆರೆಯುವುದು, ಜನ ಹೆಚ್ಚಾದರೆ ಮುಚ್ಚುವುದು. ಆರಿಸಿ ಹಚ್ಚಿ ಮಾಡುತ್ತ ಕೂತರೆ ಯಶವಂತಪುರ ಬಂದುಬಿಡುತ್ತದೆ.

ಮಧುಗಿರಿ_ಕೋಟೆ

ನಾನು ಶಾಲಾ ಶಿಕ್ಷಕಿ. ಲಿನಕ್ಸ್ ಮಿಂಟ್. ನಿಮ್ಮೆಲ್ಲರದೂ ಮುಚ್ಚಿದ ಮೇಲಿನ ಕಥೆ, ನನ್ನದು ತೆರೆದಿರುವಾಗಲೇ ನಡೆಯುವುದು. ಅಂಕಪಟ್ಟಿ ತುಂಬುತ್ತಿರುವಾಗ ಪರದೆ ಪಟ್ಟನೆ ಆರಿ ಲ್ಯಾಪ್‌ಟಾಪ್ ಮಲಗುತ್ತದೆ. ಕೀಲಿ ಒತ್ತಿದರೆ ಏಳುತ್ತದೆ. ಮೇಲೆ ಹೇಳಿದ ಜರ್ನಲ್‌ಸಿಟಿಎಲ್ ಆಜ್ಞೆ ಕೊಟ್ಟೆ. ಮುಚ್ಚಳ ಮುಚ್ಚಿತು ಎಂದು ಬರೆದಿದೆ, ನಾನು ಅದರ ಮುಂದೆಯೇ ಕೂತಿದ್ದೇನೆ! ತುಮಕೂರಿನ ಅಂಗಡಿಯೊಂದರಲ್ಲಿ ತೋರಿಸಿದೆ. ಮದರ್‌ಬೋರ್ಡ್ ಹೋಗಿದೆ ಎಂದರು. ಅವರ ಬಳಿ ಇದ್ದಷ್ಟು ಹೊತ್ತೂ ಒಮ್ಮೆಯೂ ಮಲಗಲಿಲ್ಲವಂತೆ.

ಕುಣಿಗಲ್_ದುರಸ್ತಿ

ಮೇಡಂ, ಮದರ್‌ಬೋರ್ಡ್ ಬದಲಿಸಬೇಡಿ. ಅಂಗಡಿಯಲ್ಲಿ ಮಲಗಲಿಲ್ಲ ಎಂಬುದೇ ಸುಳಿವು. ಟೈಪ್ ಮಾಡುವಾಗ ಕೈಗೆ ಏನು ಹಾಕಿಕೊಂಡಿರುತ್ತೀರಿ? ಅಯಸ್ಕಾಂತದಿಂದ ಅಂಟುವ ಪಟ್ಟಿಯ ಕೈಗಡಿಯಾರವೇ?

ಮಧುಗಿರಿ_ಕೋಟೆ

ಹೌದು. ಜಾಲರಿಯಂಥ ಪಟ್ಟಿ, ತುದಿಯಲ್ಲಿ ಅಯಸ್ಕಾಂತ. ಮಗಳು ಕೊಡಿಸಿದ್ದು. ಅದಕ್ಕೂ ಇದಕ್ಕೂ ಏನು ಸಂಬಂಧ?

ಕುಣಿಗಲ್_ದುರಸ್ತಿ

ನೇರ ಸಂಬಂಧ. ಟಚ್‌ಪ್ಯಾಡಿನ ಎಡಕ್ಕೋ ಬಲಕ್ಕೋ ಅಂಗೈ ಊರುವ ಜಾಗದ ಅಡಿಯಲ್ಲಿ ಹಾಲ್ ಸೆನ್ಸರ್ ಇರುತ್ತದೆ. ಅದು ಕಾಯುವುದು ಪರದೆಯ ಅಂಚಿನ ಅಯಸ್ಕಾಂತಕ್ಕೆ. ಯಾವ ಅಯಸ್ಕಾಂತ ಹತ್ತಿರ ಬಂದರೂ ಅದಕ್ಕೆ ಒಂದೇ.

ಹೀಗೆ ಪರೀಕ್ಷಿಸಿ. ಮೊದಲು ಪವರ್ ಸೆಟ್ಟಿಂಗಿನಲ್ಲಿ ಮುಚ್ಚಳ ಮುಚ್ಚಿದರೆ ‘ಏನೂ ಮಾಡಬೇಡ’ ಎಂದು ಇಡಿ, ಇಲ್ಲದಿದ್ದರೆ ನಡುವೆ ಮಲಗಿಬಿಡುತ್ತದೆ. ಟರ್ಮಿನಲ್ ತೆರೆದು ‘ವಾಚ್ -ಎನ್ 0.5 ಕ್ಯಾಟ್’ ಎಂದು ಬರೆದು ಮುಂದೆ /ಪ್ರಾಕ್/ಎಸಿಪಿಐ/ಬಟನ್/ಲಿಡ್ ಒಳಗಿನ ‘ಸ್ಟೇಟ್’ ಫೈಲಿನ ದಾರಿ ಕೊಡಿ. ನಡುವಿನ ಫೋಲ್ಡರಿನ ಹೆಸರು ಲಿಡ್ ಎಂದೋ ಲಿಡ್0 ಎಂದೋ ಇರುತ್ತದೆ. ಪರದೆಯ ಮೇಲೆ ‘ಓಪನ್’ ಎಂದು ಕಾಣುತ್ತದೆ. ಈಗ ಗಡಿಯಾರ ಬಿಚ್ಚಿ, ಪಟ್ಟಿಯ ತುದಿಯನ್ನು ಅಂಗೈ ಊರುವ ಜಾಗದ ಮೇಲೆ ಮೆಲ್ಲನೆ ಎಳೆಯುತ್ತ ಹೋಗಿ. ಒಂದು ಕಡೆ ‘ಕ್ಲೋಸ್ಡ್’ ಎಂದು ತಿರುಗುತ್ತದೆ, ಬೆರಳಗಲ ಈಚೆ ಬಂದರೆ ಮತ್ತೆ ‘ಓಪನ್’.

ಮಧುಗಿರಿ_ಕೋಟೆ

ತಿರುಗಿತು! ಎಡಗಡೆ, ಸ್ಟಿಕರ್ ಅಂಟಿಸಿದ್ದಾರಲ್ಲ ಅದರ ಸ್ವಲ್ಪ ಮೇಲೆ. ಸ್ಟೀಲ್ ಬಳೆ ಇಟ್ಟು ನೋಡಿದೆ, ಏನೂ ಆಗಲಿಲ್ಲ. ಗಡಿಯಾರ ಇಟ್ಟರೆ ಪ್ರತಿ ಸಲವೂ ಕ್ಲೋಸ್ಡ್. ಹಾಗಾದರೆ ಮದರ್‌ಬೋರ್ಡ್ ಸರಿಯಾಗಿದೆ ಎಂದರ್ಥವೇ?

ಕುಣಿಗಲ್_ದುರಸ್ತಿ

ಸೆನ್ಸರ್ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡುತ್ತಿದೆ. ಗಡಿಯಾರವನ್ನು ಬಲಗೈಗೆ ಕಟ್ಟಿಕೊಳ್ಳಿ. ಮೊಬೈಲಿನ ಮಡಚುವ ಕವರನ್ನೂ ಆ ಜಾಗದಲ್ಲಿ ಇಡಬೇಡಿ. ಎರಡು ಲ್ಯಾಪ್‌ಟಾಪುಗಳನ್ನು ಒಂದರ ಮೇಲೊಂದು ಇಟ್ಟರೂ ಕೆಳಗಿನದರ ಅಯಸ್ಕಾಂತ ಮೇಲಿನದನ್ನು ಮಲಗಿಸಬಹುದು. ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಗಮನವಿರಲಿ.

ಅಮಾನಿಕೆರೆ

ಅಬ್ಬಾ, ಗಡಿಯಾರ! ನಾನಾಗಿದ್ದರೆ ಕರ್ನೆಲ್ ಬದಲಿಸಲು ಹೇಳಿಬಿಡುತ್ತಿದ್ದೆ.

ಮಂಡಿ_ಲೆಕ್ಕ

ವರದಿ ಒಪ್ಪಿಸುತ್ತೇನೆ. ಮೂರೂ ಸಾಲು ಬರೆದು ಎಚ್‌ಯುಪಿ ಕಳುಹಿಸಿ, ಮುಚ್ಚಿ, ಚಾರ್ಜರ್ ಕಿತ್ತೆ. ಮಲಗಲಿಲ್ಲ. ಮರುದಿನ ಮಧ್ಯಾಹ್ನ ಕರೆಂಟ್ ಹೋದಾಗಲೂ ಲೆಡ್ಜರ್ ತೆರೆದೇ ಇತ್ತು. ಸಂತೋಷಪಟ್ಟು ಸಂಜೆ ರೀಬೂಟ್ ಮಾಡಿ ಮನೆಗೆ ಹೋದೆ. ಬೆಳಿಗ್ಗೆ ಬಂದರೆ ಮತ್ತೆ ಮಲಗಿದೆ! ರಾತ್ರಿ ಕರೆಂಟ್ ಹೋಗಿಲ್ಲ. ಲಾಗಿನಲ್ಲಿ ರೀಬೂಟ್ ಆದ ಇಪ್ಪತ್ತು ನಿಮಿಷಕ್ಕೆ ಸಸ್ಪೆಂಡ್ ಎಂಟ್ರಿ ಇದೆ.

ಶಿರಾ_ಕಡಲೆಕಾಯಿ

ಸರಿಯಾಗಿ ಇಪ್ಪತ್ತು ನಿಮಿಷವೇ? ಹಾಗಾದರೆ ಇದು ಮುಚ್ಚಳದ ಕೆಲಸವಲ್ಲ. ರೀಬೂಟ್ ಆದ ಮೇಲೆ ಯಾರೂ ಲಾಗಿನ್ ಆಗಿಲ್ಲ, ಗ್ನೋಮ್‌ನ ಲಾಗಿನ್ ಪರದೆಯೇ ನಿಂತಿದೆ. ಆ ಪರದೆಗೆ ತನ್ನದೇ ಪವರ್ ಸೆಟ್ಟಿಂಗ್ ಇದೆ. ಇಷ್ಟು ಹೊತ್ತು ಯಾರೂ ಕೀಲಿ ಮುಟ್ಟದಿದ್ದರೆ ಮಲಗು ಎಂದು. ಸಾಂಬಾದಲ್ಲಿ ಎಷ್ಟು ಜನ ಫೈಲು ತೆರೆದಿದ್ದರೂ ಅದಕ್ಕೆ ಲೆಕ್ಕವಿಲ್ಲ. ನೀವು ನಿಮ್ಮ ಖಾತೆಯಲ್ಲಿ ಬದಲಿಸಿದ ಸೆಟ್ಟಿಂಗ್ ಅದಕ್ಕೆ ತಗಲುವುದಿಲ್ಲ, ಏಕೆಂದರೆ ಅದು ಓಡುವುದು ಬೇರೆ ಬಳಕೆದಾರನ ಹೆಸರಿನಲ್ಲಿ.

/ಇಟಿಸಿ/ಜಿಡಿಎಂ3 ಫೋಲ್ಡರಿನಲ್ಲಿ ‘ಗ್ರೀಟರ್.ಡಿಕಾನ್ಫ್-ಡೀಫಾಲ್ಟ್ಸ್’ ಎಂಬ ಫೈಲಿದೆ. ಅದರ ಕೊನೆಯ ಭಾಗದಲ್ಲಿ ‘ಸ್ಲೀಪ್-ಇನ್‌ಆಕ್ಟಿವ್-ಎಸಿ-ಟೈಮ್‌ಔಟ್=1200’ ಎಂದು ಹ್ಯಾಶ್ ಹಾಕಿ ಬರೆದಿರುವುದು ಕಾಣುತ್ತದೆ. 1200 ಸೆಕೆಂಡು ಎಂದರೆ ನಿಮ್ಮ ಇಪ್ಪತ್ತು ನಿಮಿಷ. ಅದರ ಕೆಳಗಿನ ‘ಸ್ಲೀಪ್-ಇನ್‌ಆಕ್ಟಿವ್-ಎಸಿ-ಟೈಪ್’ ಸಾಲಿನ ಹ್ಯಾಶ್ ತೆಗೆದು ‘ಸಸ್ಪೆಂಡ್’ ಬದಲು ‘ನಥಿಂಗ್’ ಎಂದು ಬರೆಯಿರಿ. ಬ್ಯಾಟರಿಗೂ ಅಂಥದೇ ಸಾಲಿದೆ, ಅದನ್ನೂ ಬಿಡಬೇಡಿ, ಇಲ್ಲದಿದ್ದರೆ ಕರೆಂಟ್ ಹೋದಾಗ ಹಳೆಯ ಕಥೆ. ಮೇಲಿನ ವಿಭಾಗದ ತಲೆಬರಹದ ಸಾಲಿಗೂ ಹ್ಯಾಶ್ ಇದ್ದರೆ ತೆಗೆಯಿರಿ.

ಕ್ಯಾತ್ಸಂದ್ರ_ಗೇಟ್

ಅಥವಾ ಗ್ನೋಮ್ ಅನ್ನೇ ಮನೆಗೆ ಕಳುಹಿಸಿ. ಮೇಜಿನ ಕೆಳಗೆ ಮುಚ್ಚಿಕೊಂಡಿರುವ ಯಂತ್ರಕ್ಕೆ ಡೆಸ್ಕ್‌ಟಾಪ್ ಏತಕ್ಕೆ? ‘ಸಿಸ್ಟಮ್‌ಸಿಟಿಎಲ್ ಸೆಟ್-ಡೀಫಾಲ್ಟ್ ಮಲ್ಟಿ-ಯೂಸರ್.ಟಾರ್ಗೆಟ್’ ಎಂದರೆ ಮುಂದಿನ ಬೂಟಿನಿಂದ ಬರಿಯ ಕಪ್ಪು ಪರದೆ. ಗ್ನೋಮ್ ಅಳಿಸಿಹೋಗುವುದಿಲ್ಲ, ಬೇಕಾದರೆ ಮರಳಿ ‘ಗ್ರಾಫಿಕಲ್.ಟಾರ್ಗೆಟ್’ ಮಾಡಿಕೊಳ್ಳಬಹುದು. ಆದರೆ ಆಗ ಮುಚ್ಚಳದೊಳಗೆ ಪರದೆಯ ಬೆಳಕು ಉರಿಯುತ್ತಲೇ ಇರಬಹುದು; ಕರ್ನೆಲ್ ನಿಯತಾಂಕಕ್ಕೆ ‘ಕನ್ಸೋಲ್‌ಬ್ಲ್ಯಾಂಕ್=60’ ಸೇರಿಸಿದರೆ ಒಂದು ನಿಮಿಷಕ್ಕೆ ಆರುತ್ತದೆ.

ಅಮಾನಿಕೆರೆ

ಈಗ ಕಾರಣಗಳೆಲ್ಲ ಗೊತ್ತಾದುವಲ್ಲ. ಇನ್ನಾದರೂ ಮಾಸ್ಕ್ ಮಾಡಲು ಅಪ್ಪಣೆ ಇದೆಯೇ?

ಕ್ಯಾತ್ಸಂದ್ರ_ಗೇಟ್

ಈಗ ಧಾರಾಳವಾಗಿ ಮಾಡಲಿ. ಎಂದೂ ಬ್ಯಾಗಿಗೆ ಹೋಗದ ಯಂತ್ರಕ್ಕೆ ಅದು ಒಳ್ಳೆಯ ಕಾವಲು. ಗುಬ್ಬಿಯವರು ಮಾತ್ರ ಅತ್ತ ಸುಳಿಯಬಾರದು.

ಕುಣಿಗಲ್_ದುರಸ್ತಿ

ತಂತ್ರಾಂಶದ ಮಾತು ಸಾಕು, ಮಂಡಿಯವರ ಲ್ಯಾಪ್‌ಟಾಪಿನ ದೇಹಸ್ಥಿತಿ ಕೇಳೋಣ. ಮುಚ್ಚಿಟ್ಟು ವರ್ಷಗಟ್ಟಲೆ ಚಾರ್ಜರಿನಲ್ಲೇ ಬಿಟ್ಟ ಲ್ಯಾಪ್‌ಟಾಪುಗಳು ನನ್ನ ಮೇಜಿಗೆ ಬರುವುದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ. ಲಿಥಿಯಂ ಬ್ಯಾಟರಿ ಸದಾ 100ರಲ್ಲಿ, ಅದೂ ಸೆಖೆಯಲ್ಲಿ ಕೂತರೆ ಬೇಗ ಮುದಿಯಾಗಿ ಉಬ್ಬುತ್ತದೆ. ಮೊದಲ ಲಕ್ಷಣ ಟಚ್‌ಪ್ಯಾಡ್: ಒತ್ತಿದರೆ ಟಿಕ್ ಎನ್ನುವುದು ನಿಲ್ಲುತ್ತದೆ, ಅಂಚು ಉಗುರಿಗೆ ತಗಲುವಷ್ಟು ಮೇಲೇಳುತ್ತದೆ. ಮುಂದೆ ಮುಚ್ಚಳ ಪೂರ್ತಿ ಕೂರುವುದಿಲ್ಲ. ಹಾಗೇನಾದರೂ ಕಂಡರೆ ಆ ಕ್ಷಣ ಚಾರ್ಜರ್ ಕಿತ್ತು ಬ್ಯಾಟರಿ ಬದಲಿಸಿ. ಒತ್ತಿ ಕೂರಿಸಲು, ಚುಚ್ಚಲು ಹೋಗಬೇಡಿ. ಅದಕ್ಕೆ ಬೆಂಕಿ ಹತ್ತುತ್ತದೆ.

ಉಬ್ಬಿಲ್ಲವಾದರೆ ಚಾರ್ಜಿಗೆ ಮಿತಿ ಹಾಕಿ. /ಸಿಸ್/ಕ್ಲಾಸ್/ಪವರ್_ಸಪ್ಲೈ/ಬ್ಯಾಟ್0 ಒಳಗೆ ‘ಚಾರ್ಜ್_ಕಂಟ್ರೋಲ್_ಎಂಡ್_ಥ್ರೆಶೋಲ್ಡ್’ ಎಂಬ ಫೈಲಿದ್ದರೆ ಅದಕ್ಕೆ 80 ಬರೆದರೆ ಅಷ್ಟಕ್ಕೇ ನಿಲ್ಲುತ್ತದೆ. ಎಲ್ಲ ಲ್ಯಾಪ್‌ಟಾಪುಗಳಲ್ಲೂ ಇರುವುದಿಲ್ಲ. ಥಿಂಕ್‌ಪ್ಯಾಡುಗಳಲ್ಲಿ ಸಾಮಾನ್ಯವಾಗಿ ಇದೆ. ವಿದ್ಯುತ್ ಉಳಿಸುವ ಟಿಎಲ್‌ಪಿ ತಂತ್ರಾಂಶ ಹಾಕಿಕೊಂಡರೆ ಅದರ ಫೈಲಿನಲ್ಲೇ ಬರೆಯಬಹುದು. ಗೂಡಿನಲ್ಲಿ ಗಾಳಿಗೆ ದಾರಿ ಇರಲಿ. ಕೊಬ್ಬರಿ ಮಂಡಿಯ ದೂಳು ಫ್ಯಾನಿನಲ್ಲಿ ಎಣ್ಣೆಯೊಂದಿಗೆ ಕಲೆತು ಕೂತರೆ ಬ್ರಷ್ಷಿಗೂ ಬಿಡುವುದಿಲ್ಲ.

ಮಂಡಿ_ಲೆಕ್ಕ

ಟಚ್‌ಪ್ಯಾಡ್ ಟಿಕ್ ಎನ್ನುತ್ತಿದೆ, ಮಟ್ಟಸವಾಗಿಯೂ ಇದೆ. ಆ ಥ್ರೆಶೋಲ್ಡ್ ಫೈಲು ಸಿಕ್ಕಿತು, 80 ಬರೆದೆ. ಡೆಸ್ಕ್‌ಟಾಪ್ ತೆಗೆದು ಕಪ್ಪು ಪರದೆಗೆ ಬಂದಿದ್ದೇನೆ. ರಾತ್ರಿ ಪೂರ್ತಿ ಎಚ್ಚರವಾಗಿತ್ತು. ಒಂದೇ ಉಳಿದ ಪ್ರಶ್ನೆ: ಕರೆಂಟ್ ಬಹಳ ಹೊತ್ತು ಬರದೆ ಬ್ಯಾಟರಿ ಪೂರ್ತಿ ಮುಗಿದರೆ ಲೆಡ್ಜರ್ ಕೆಡುವುದಿಲ್ಲವೇ?

ಶಿರಾ_ಕಡಲೆಕಾಯಿ

ಅದನ್ನು ನೋಡಿಕೊಳ್ಳುವುದು ಬ್ಯಾಟರಿಯ ಮಟ್ಟ ಗಮನಿಸುವ ಯುಪವರ್ ಸೇವೆ. ಡೆಸ್ಕ್‌ಟಾಪ್ ಇಲ್ಲದಿದ್ದಾಗ ಅದು ತಾನಾಗಿ ಏಳದಿರಬಹುದು, ‘ಸಿಸ್ಟಮ್‌ಸಿಟಿಎಲ್ ಆ್ಯಡ್-ವಾಂಟ್ಸ್ ಮಲ್ಟಿ-ಯೂಸರ್.ಟಾರ್ಗೆಟ್ ಯುಪವರ್.ಸರ್ವಿಸ್’ ಕೊಟ್ಟು ಖಚಿತ ಮಾಡಿಕೊಳ್ಳಿ. ಆಮೇಲೆ /ಇಟಿಸಿ/ಯುಪವರ್/ಯುಪವರ್.ಕಾನ್ಫ್ ತೆರೆಯಿರಿ. ‘ಕ್ರಿಟಿಕಲ್‌ಪವರ್‌ಆ್ಯಕ್ಷನ್’ ಮೂಲತಃ ಹೈಬ್ರಿಡ್‌ಸ್ಲೀಪ್ ಆಗಿರುತ್ತದೆ. ನಿಮಗೆ ಬೇಕಾದದ್ದು ಪವರ್‌ಆಫ್. ಫೈಲುಗಳನ್ನು ಸರಿಯಾಗಿ ಮುಚ್ಚಿ ಆರುತ್ತದೆ. ‘ಪರ್ಸೆಂಟೇಜ್‌ಆ್ಯಕ್ಷನ್’ ಮೂಲತಃ 2. ಹಳೆಯ ಬ್ಯಾಟರಿ ಹನ್ನೆರಡರಿಂದ ನೇರ ಸೊನ್ನೆಗೆ ಧುಮುಕುವುದುಂಟು, ಆದ್ದರಿಂದ 10 ಮಾಡಿ. ಆದರೆ ಅದೊಂದನ್ನೇ ಬದಲಿಸಿದರೆ ಆಗುವುದಿಲ್ಲ. ಲೋ, ಕ್ರಿಟಿಕಲ್, ಆ್ಯಕ್ಷನ್ ಮೂರೂ ಇಳಿಕೆಯ ಕ್ರಮದಲ್ಲಿರಬೇಕು, ಇಲ್ಲದಿದ್ದರೆ ಯುಪವರ್ ನಿಮ್ಮ ಅಂಕಿಗಳನ್ನು ಬದಿಗಿಟ್ಟು ತನ್ನವನ್ನೇ ಬಳಸುತ್ತದೆ. 20, 15, 10 ಎಂದು ಬರೆಯಿರಿ.

ಕುಣಿಗಲ್_ದುರಸ್ತಿ

ಆರಿದ ಮೇಲೆ ಕರೆಂಟ್ ಬಂದಾಗ ತಾನೇ ಹತ್ತಿಕೊಳ್ಳಬೇಕಾದರೆ ಬಯಾಸ್ ನೋಡಿ. ಡೆಲ್ ಲ್ಯಾಟಿಟ್ಯೂಡ್‌ಗಳಲ್ಲಿ ‘ವೇಕ್ ಆನ್ ಎಸಿ’, ಕೆಲವು ಥಿಂಕ್‌ಪ್ಯಾಡುಗಳಲ್ಲಿ ‘ಪವರ್ ಆನ್ ವಿತ್ ಎಸಿ ಅಟ್ಯಾಚ್’ ಎಂದಿರುತ್ತದೆ.

ಮಂಡಿ_ಲೆಕ್ಕ

ಎರಡನೆಯದು ಇದೆ, ಚಾಲೂ ಮಾಡಿದೆ. 20, 15, 10 ಬರೆದು ಯುಪವರ್ ರಿಸ್ಟಾರ್ಟ್ ಮಾಡಿದ್ದೇನೆ. ಯಜಮಾನರು ಗೂಡಿನ ಸಾಕೆಟ್ಟಿಗೂ ಇನ್ವರ್ಟರ್ ಲೈನ್ ಎಳೆಸಲು ಎಲೆಕ್ಟ್ರಿಷಿಯನ್‌ಗೆ ಹೇಳಿದ್ದಾರೆ.

ಗುಬ್ಬಿ_ಪ್ಯಾಸೆಂಜರ್

ಮೌಸ್ ತುಣುಕು ತೆಗೆದ ಮೇಲೆ ಬ್ಯಾಗ್ ತಣ್ಣಗಿದೆ. ಲಾಸ್ಟ್_ಎಚ್‌ಡಬ್ಲ್ಯು_ಸ್ಲೀಪ್‌ನಲ್ಲಿ ಸೊನ್ನೆಯ ಬದಲು ಉದ್ದನೆಯ ಅಂಕಿ ಬರುತ್ತಿದೆ. ಎಕ್ಸ್‌ಎಚ್‌ಸಿಯನ್ನು ಪ್ರತಿ ಬೂಟಿಗೂ ಡಿಸೇಬಲ್ ಮಾಡುವ ಸಣ್ಣ ಸರ್ವಿಸ್ ಫೈಲು ಬರೆಯುತ್ತಿದ್ದೇನೆ, ಮುಗಿದ ಮೇಲೆ ಇಲ್ಲಿ ಹಾಕುತ್ತೇನೆ.